ಕೋಟೆ ಗೋಡೆ, ಎರಡು ಕೆಂಬಾಳೆ ಮತ್ತು ಹತ್ತೊಂಬತ್ತು ಚಿಲ್ಲರೆ

ಮೇ ತಿಂಗಳಲ್ಲಿ ಕಲಬುರಗಿ ಕೋಟೆ ನೋಡಲು ಹೋಗುವವರು ಹೊತ್ತು ಇಳಿಯುವ ತನಕ ಮನೆಯಲ್ಲೇ ಇರುವುದು ಜಾಣತನ. ನಮ್ಮೂರ ಬಿಸಿಲನ್ನು ಕಾಣದವರಿಗೆ ಅದು ಎಂಥದ್ದೆಂದು ಹೇಳಿ ತಿಳಿಸುವುದು ಕಷ್ಟ, ಕಂಡವರಿಗೆ ಹೇಳಬೇಕಾದ್ದೇ ಇಲ್ಲ. ನಾವು ಮೂವರು ಹೋದದ್ದು ಸಂಜೆ ಆರರ ಮೇಲೆ: ನಾನು, ಆರನೇ ಇಯತ್ತೆ ಓದುವ ನನ್ನ ಅಕ್ಕನ ಮಗಳು, ಮೂರನೇ ಇಯತ್ತೆಯ ಅವಳ ತಮ್ಮ.

ಹುಡುಗನಿಗೆ ಬೇಕಾಗಿದ್ದದ್ದು ತೋಪು ಮಾತ್ರ. ಊರವರು ಬಾರಾ ಗಜಿ ತೋಪು ಅನ್ನುತ್ತಾರೆ, 29 ಅಡಿ ಉದ್ದ ಅನ್ನುತ್ತಾರೆ. ಅವನು ಅದರ ಪಕ್ಕದಲ್ಲೇ ಹೆಜ್ಜೆ ಹಾಕಿ ಮೂರು ಸಲ ಅಳೆದ, ಮೂರು ಸಲವೂ ಬೇರೆ ಬೇರೆ ಲೆಕ್ಕ ಬಂತು. ಹುಡುಗಿ ಬಹಮನಿ ಸುಲ್ತಾನರ ಕಾಲದ, 1367ರ ಜಾಮಿ ಮಸೀದಿಯ ಕಮಾನುಗಳನ್ನು ಎಣಿಸಲು ಹೊರಟು, ನಡುವೆ ಲೆಕ್ಕ ತಪ್ಪಿ, ಬೇಸರವಾಗಿ ಬಂದು ಕೋಟೆ ಗೋಡೆಗೆ ಬೆನ್ನು ಕೊಟ್ಟು ಕೂತಳು. ಕೂತವಳು ತಟ್ಟನೆ ಎದ್ದಳು.

"ಮಾಮಾ, ಹೊತ್ತು ಮುಳಗ್ಯದ, ಗ್ವಾಡಿ ಇನ್ನಾ ಬಿಸಿ ಅದ. ಯಾಕ?"

ಮುಟ್ಟಬೇಡ, ನಾಲ್ಕು ಬಟ್ಟು ದೂರದಲ್ಲಿ ಅಂಗೈ ಹಿಡಿದು ನೋಡು ಅಂದೆ. ಹಿಡಿದಳು. ಕಲ್ಲಿಗೆ ಕೈ ತಾಕದಿದ್ದರೂ ಬಿಸಿ ಬರುತ್ತಿತ್ತು. ಬೇಕಿದ್ದರೆ ನೀವೂ ನಿಮ್ಮ ಮನೆಯ ಪಡುವಣ ಗೋಡೆಗೆ ಸಂಜೆ ಹೀಗೆ ಕೈ ಹಿಡಿದು ನೋಡಿ. ಹಗಲೆಲ್ಲ ಬಿಸಿಲು ಕುಡಿದ ಕಲ್ಲು ಈಗ ಅದನ್ನೇ ಬೇರೆ ರೂಪದ ಬೆಳಕಾಗಿ ಹೊರಗೆ ಬಿಡುತ್ತಿದೆ. ಕಣ್ಣಿಗೆ ಕಾಣದ ಈ ಬೆಳಕಿಗೆ ಅವಕೆಂಪು ಬೆಳಕು ಎಂದು ಹೆಸರು. ಕಣ್ಣಿಗೆ ಗೊತ್ತಾಗದ್ದು ಅಂಗೈಗೆ ಗೊತ್ತಾಗುತ್ತದೆ.

"ಹೊರಗ ಬಂದು ಎಲ್ಲಿ ಹೋಗ್ತದ?"

ಸ್ವಲ್ಪ ನೆಟ್ಟಗೆ ಆಕಾಶಕ್ಕೆ ಹೋಗುತ್ತದೆ. ಉಳಿದದ್ದನ್ನು ದಾರಿಯಲ್ಲೇ ಗಾಳಿ ಹಿಡಿದುಕೊಳ್ಳುತ್ತದೆ. ಆದರೆ ಗಾಳಿಯಲ್ಲಿ ಇರುವವರೆಲ್ಲರೂ ಹಿಡಿಯುವುದಿಲ್ಲ. ನೂರರಲ್ಲಿ 78 ಪಾಲು ನೈಟ್ರೋಜನ್, 21 ಪಾಲು ಆಕ್ಸಿಜನ್ ಇದ್ದರೂ ಇವೆರಡೂ ಈ ಬೆಳಕನ್ನು ಕಂಡೂ ಕಾಣದ ಹಾಗೆ ಬಿಟ್ಟುಬಿಡುತ್ತವೆ. ಮುಖ್ಯವಾಗಿ ಹಿಡಿಯುವುದು ನೀರಾವಿ ಮತ್ತು ಕಾರ್ಬನ್ ಡೈಆಕ್ಸೈಡ್. ಗಾಳಿಯ 10,000 ಅಣುಗಳಲ್ಲಿ ಕಾರ್ಬನ್ ಡೈಆಕ್ಸೈಡ್‌ನವು ನಾಲ್ಕರ ಸುಮಾರು, ಅಷ್ಟೇ. ಆ ನಾಲ್ಕು ಬೆಳಕು ಹಿಡಿದು ನಡುಗುತ್ತವೆ. ಆಮೇಲೆ ಆ ನಡುಕದ ಶಕ್ತಿಯನ್ನು ಸುತ್ತಲಿದ್ದವರಿಗೆ ಕೊಟ್ಟುಬಿಡುತ್ತವೆ. ಹಾಗಾಗಿ ಇಡೀ ಗಾಳಿ ಬೆಚ್ಚಗಾಗುತ್ತದೆ.

"ಹ್ಯಾಂಗ ಕೊಡ್ತಾವ? ಕೈ ಇಲ್ಲ, ಕಾಲಿಲ್ಲ!"

ಒಳ್ಳೆಯ ಪ್ರಶ್ನೆ. ಕೋಟೆಯಲ್ಲಿ ನಿಂತು ಉತ್ತರ ಹೇಳುವುದು ಕಷ್ಟವಾಗಿತ್ತು. ಮನೆಗೆ ನಡಿ, ನನಗೆ ಎರಡು ಬಾಳೆಹಣ್ಣು ಬೇಕು ಅಂದೆ.

ಕಲಬುರಗಿಯಲ್ಲಿ ಬಾಳೆಹಣ್ಣು ಅಂದ ಮೇಲೆ ಕಮಲಾಪುರದ ಹೆಸರು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಹುಮನಾಬಾದ್ ರಸ್ತೆಯಲ್ಲಿ ಸಿಗುವ ಆ ಊರಿನ ಕೆಂಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಸಿಪ್ಪೆ ಕೆಂಪು, ಮೈ ದುಂಡಗೆ, ಒಂದು ತಿಂದರೆ ಹೊಟ್ಟೆ ತುಂಬುವಷ್ಟು ದಪ್ಪ. ಪೇಟೆಯಿಂದ ತಂದು ನಾಲ್ಕು ಇಟ್ಟಿದ್ದರು ಅಕ್ಕ. ವಿಜ್ಞಾನಕ್ಕೆ ಎರಡು ಕೊಡು ಅಂದಾಗ, "ತಿಂದು ಬಿಡ್ತೀನಿ ಅಂದ್ರ ಕೊಡ್ತೀನಿ, ಕೆಡಸ್ತೀನಿ ಅಂದ್ರ ಕೊಡಂಗಿಲ್ಲ" ಅಂದರು.

ಆಟ ಹೀಗೆ. ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವ ಎರಡು ಕಂಬಗಳ ನಡುವೆ ಒಂದು ದಾರ ಕಟ್ಟಿದೆವು. ಬಿಗಿಯಾಗಿ ಅಲ್ಲ, ನಡುವೆ ಸ್ವಲ್ಪ ಜೋಲುವ ಹಾಗೆ. ಆ ದಾರಕ್ಕೆ ಒಂದು ಗೇಣು ಅಂತರ ಬಿಟ್ಟು ಎರಡು ಬಾಳೆಹಣ್ಣು ತೂಗುಹಾಕಿದೆವು. ಎರಡರ ಜೋತುದಾರವೂ ಒಂದೇ ಉದ್ದ, ಒಂದು ಮೊಳ. ಒಂದನೇ ಹಣ್ಣನ್ನು ನಮ್ಮ ಕಡೆಗೆ ಎಳೆದು ಬಿಟ್ಟೆವು. ಎರಡನೆಯದನ್ನು ಯಾರೂ ಮುಟ್ಟಲಿಲ್ಲ.

ಒಂದನೆಯದು ಜೋಕಾಲಿ ಆಡತೊಡಗಿತು. ಐದು ಸಲ, ಆರು ಸಲ. ಸುಮ್ಮನಿದ್ದ ಎರಡನೆಯದು ಮೆಲ್ಲಗೆ ಅಲುಗಾಡಿತು. ಹತ್ತು ಆಗುವಷ್ಟರಲ್ಲಿ ಎರಡೂ ಒಂದೇ ಸಮ ತೂಗುತ್ತಿದ್ದವು. ಹದಿನೈದು ದಾಟಿದಾಗ ಹುಡುಗಿ ಬಾಯಿ ತೆರೆದು ನಿಂತಳು. ನಾವು ತೂಗಿಬಿಟ್ಟ ಹಣ್ಣು ನಿಂತೇ ಹೋಗಿತ್ತು. ಯಾರೂ ಮುಟ್ಟದ ಹಣ್ಣು ಜೋರಾಗಿ ಆಡುತ್ತಿತ್ತು. ಇನ್ನೊಂದಿಷ್ಟು ಹೊತ್ತು ನೋಡಿದರೆ ಮೊದಲಿನದೇ ಮತ್ತೆ ಆಡತೊಡಗಿತು, ಎರಡನೆಯದು ನಿಂತಿತು. ಕೊಟ್ಟದ್ದು ಹೋಯಿತು, ಹೋದದ್ದು ಬಂತು. ನಡುವೆ ಇದ್ದದ್ದು ಒಂದು ಜೋಲು ದಾರ ಮಾತ್ರ.

ಇದನ್ನು ನಾನು ಎಷ್ಟೋ ಸಲ ಮಾಡಿ ತೋರಿಸಿದ್ದೇನೆ. ಆದರೂ ಮೊದಲ ಹಣ್ಣು ನಿಲ್ಲುವ ಆ ಗಳಿಗೆಯಲ್ಲಿ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಅಷ್ಟರಲ್ಲಿ ಒಂದು ಅನಾಹುತ ಆಯಿತು. ನಾನು ಒಳಗೆ ಹೋಗಿ ನೀರು ಕುಡಿದು ಬರುವುದರೊಳಗೆ ಹುಡುಗ, ತೂಗುಹಾಕಿದ ಹಣ್ಣನ್ನು ಕೆಳಗಿನಿಂದ ಸುಲಿದು, ನಿಂತ ಹಾಗೇ ಅರ್ಧ ತಿಂದುಬಿಟ್ಟಿದ್ದ. ಹುಡುಗಿ ಕಿರಿಚಿದಳು. ನಾನು ಮಾತ್ರ, ಇರಲಿ, ಈಗ ಮತ್ತೆ ತೂಗಿ ನೋಡೋಣ ಅಂದೆ. ಪೂರ್ತಿ ಹಣ್ಣನ್ನು ಎಳೆದು ಬಿಟ್ಟೆವು. ಅರ್ಧ ಹಣ್ಣು ಅಲುಗಾಡಿತು, ಸ್ವಲ್ಪ ಆಡಿತು. ಆದರೆ ಪೂರ್ತಿ ಹಣ್ಣು ಈ ಸಲ ನಿಲ್ಲಲೇ ಇಲ್ಲ. ತನ್ನಲ್ಲಿದ್ದದ್ದರಲ್ಲಿ ಒಂದು ಪಾಲು ಕೊಟ್ಟು, ಅದನ್ನೂ ವಾಪಸ್ ತೆಗೆದುಕೊಂಡು, ತನ್ನ ಪಾಡಿಗೆ ಆಡುತ್ತಲೇ ಇತ್ತು.

ಯಾಕೆ? ಕೆಳಗಿನ ಅರ್ಧ ಹೋದ ಮೇಲೆ ಉಳಿದ ಹಣ್ಣಿನ ಭಾರದ ನಡುಬಿಂದು ಮೇಲಕ್ಕೆ ಏರಿತು. ಜೋಕಾಲಿಯ ದಾರ ಗಿಡ್ಡ ಮಾಡಿದ ಹಾಗಾಯಿತು. ಗಿಡ್ಡ ಜೋಕಾಲಿ ಬೇಗ ಬೇಗ ತೂಗುತ್ತದೆ, ಜಾತ್ರೆಯಲ್ಲಿ ನೋಡಿದ್ದೀರಿ. ಎರಡು ಹಣ್ಣುಗಳ ತಾಳ ಒಂದಿಷ್ಟು ತಪ್ಪಿತು. ಹಣ್ಣು ಹಗುರವೂ ಆಗಿತ್ತು, ಅದರ ಪಾಲೂ ಇದರಲ್ಲಿ ಇದೆ. ಆದರೆ ದೊಡ್ಡ ಕಾರಣ ತಾಳ. ನಂಬಿಕೆ ಬರದಿದ್ದರೆ ನೋಡೋಣ ಎಂದು ಅಕ್ಕನಿಂದ ಇನ್ನೊಂದು ಹಣ್ಣು ಕಾಡಿ ಬೇಡಿ ತಂದು, ಅದರ ಜೋತುದಾರವನ್ನು ಅರ್ಧ ಮೊಳ ಮಾಡಿ ಕಟ್ಟಿದೆವು. ಈಗ ಒಂದನ್ನು ಎಷ್ಟು ತೂಗಿದರೂ ಇನ್ನೊಂದು ಸುಮ್ಮನೆ ಮೈ ನಡುಗಿಸಿತು, ಅಷ್ಟೇ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲದ ಹಾಗೆ.

ತಾಳ ಕೂಡಿದರೆ ಶಕ್ತಿ ಸರಾಗವಾಗಿ ಕೈ ದಾಟುತ್ತದೆ. ತಾಳ ತಪ್ಪಿದಷ್ಟೂ ದಾಟುವುದು ಕಡಿಮೆ. ಇಷ್ಟನ್ನು ಕೈಯಲ್ಲಿ ಹಿಡಿದುಕೊಂಡು ಈಗ ಗಾಳಿಯೊಳಗೆ ಇಳಿಯೋಣ.

ನೈಟ್ರೋಜನ್ ಅಣು ಅಂದರೆ ಎರಡು ನೈಟ್ರೋಜನ್ ಪರಮಾಣುಗಳು ಒಂದಕ್ಕೊಂದು ಅಂಟಿಕೊಂಡಿರುವುದು. ಅಂಟು ಗಟ್ಟಿ ಕೋಲಿನಂಥದ್ದಲ್ಲ, ಸ್ಪ್ರಿಂಗ್‌ನಂಥದ್ದು. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಈ ಹಿಗ್ಗು ಕುಗ್ಗಿಗೆ ಕಂಪನ ಎಂದು ಹೆಸರು. ಸೆಕೆಂಡಿಗೆ ಎಷ್ಟು ಸಲ? ಸುಮಾರು 70 ಲಕ್ಷ ಕೋಟಿ ಸಲ. ನಮ್ಮ ಬಾಳೆಹಣ್ಣು ಒಂದು ಸಲ ಹೋಗಿ ಬರಲು ಒಂದೂವರೆ ಸೆಕೆಂಡು ತೆಗೆದುಕೊಳ್ಳುತ್ತಿತ್ತು!

ಕಾರ್ಬನ್ ಡೈಆಕ್ಸೈಡ್‌ನಲ್ಲಿ ಮೂವರು. ನಡುವೆ ಕಾರ್ಬನ್, ಎಡಕ್ಕೊಂದು ಬಲಕ್ಕೊಂದು ಆಕ್ಸಿಜನ್. ಮೂವರು ಗೆಳೆಯರು ಸಾಲಾಗಿ ಕೈ ಹಿಡಿದು ನಿಂತು ಆಡಿ ನೋಡಿ, ಮೂರು ಬಗೆಯ ಕುಣಿತ ಸಿಗುತ್ತದೆ. ಎರಡೂ ತುದಿಯವರು ಒಟ್ಟಿಗೆ ಹೊರಗೆ, ಒಟ್ಟಿಗೆ ಒಳಗೆ ಬರುವುದು ಒಂದು. ನಡುವಿನವನು ಮುಂದಕ್ಕೆ ಬಾಗಿದಾಗ ತುದಿಯವರು ಹಿಂದಕ್ಕೆ ಹೋಗಿ, ಸಾಲೇ ಬಿಲ್ಲಿನ ಹಾಗೆ ಬಾಗುವುದು ಇನ್ನೊಂದು. ನಡುವಿನವನು ಎಡಕ್ಕೆ ಬಲಕ್ಕೆ ಒಬ್ಬರಿಂದ ಒಬ್ಬರ ಕಡೆಗೆ ತಾಕಲಾಡುವುದು ಮೂರನೆಯದು. ಕೋಟೆ ಗೋಡೆಯ ಬಿಸಿಯನ್ನು ಹಿಡಿಯುವುದರಲ್ಲಿ ಮುಂದು ಬಾಗುವ ಕುಣಿತ. ಅದು ನಿಧಾನದ್ದು, ಸೆಕೆಂಡಿಗೆ 20 ಲಕ್ಷ ಕೋಟಿ. ಮೂರನೆಯದಾದ ತಾಕಲಾಟ ತೀರ ಚುರುಕು, 70 ಲಕ್ಷ ಕೋಟಿ ದಾಟುತ್ತದೆ.

ಅಂದರೆ ಹೆಚ್ಚು ಕಡಿಮೆ ನೈಟ್ರೋಜನ್‌ನ ತಾಳವೇ. ಅವುಗಳಿಗೆ ಒಂದಕ್ಕೊಂದು ನೆಂಟಸ್ತಿಕೆ ಏನೂ ಇಲ್ಲ, ಹೀಗೆ ತಾಳ ಕೂಡಿದ್ದು ಬರೀ ಆಕಸ್ಮಿಕ.

ನೈಟ್ರೋಜನ್ ಬೆಳಕನ್ನು ಯಾಕೆ ಹಿಡಿಯುವುದಿಲ್ಲ ಎಂದು ಕೇಳಬೇಕಾಗಿತ್ತು ನೀವು. ಬೆಳಕಿಗೆ ಅಣುವನ್ನು ಹಿಡಿದು ಅಲುಗಿಸಲು ಒಂದು ಹಿಡಿಕೆ ಬೇಕು: ಕುಣಿಯುವಾಗ ಅಣುವಿನ ಒಂದು ಕಡೆ ಸ್ವಲ್ಪ ಧನ ವಿದ್ಯುತ್ತು, ಇನ್ನೊಂದು ಕಡೆ ಸ್ವಲ್ಪ ಋಣ. ನೈಟ್ರೋಜನ್ ಎಷ್ಟು ಕುಣಿದರೂ ಅದರ ಎರಡೂ ತುದಿ ಒಂದೇ. ಹಿಡಿಕೆಯಿಲ್ಲದ ಚೊಂಬಿನ ಹಾಗೆ. ಹಿಡಿಕೆ ಇಲ್ಲದ್ದಕ್ಕೆ ಒಂದು ಲಾಭವೂ ಇದೆ. ಹೇಗೋ ಒಮ್ಮೆ ಅದು ಕಂಪಿಸತೊಡಗಿದರೆ ತನ್ನ ಶಕ್ತಿಯನ್ನು ಬೆಳಕಾಗಿ ಬಿಟ್ಟುಕೊಡಲೂ ಅದಕ್ಕೆ ಬರುವುದಿಲ್ಲ. ಹೊಟ್ಟೆಯಲ್ಲೇ ಇಟ್ಟುಕೊಂಡು ಓಡಾಡುತ್ತದೆ.

ಓಡಾಡುತ್ತದೆ ಅಂದೆನಲ್ಲ, ನಿಧಾನವಾಗಿ ಅಲ್ಲ. ನಮ್ಮ ಮಾಳಿಗೆಯ ಗಾಳಿಯಲ್ಲಿ ಒಂದೊಂದು ಅಣುವೂ ಸೆಕೆಂಡಿಗೆ ಸುಮಾರು ಅರ್ಧ ಕಿಲೋಮೀಟರ್ ವೇಗದಲ್ಲಿ ಓಡುತ್ತ, ಸೆಕೆಂಡಿಗೆ ನೂರಾರು ಕೋಟಿ ಸಲ ಇನ್ನೊಂದಕ್ಕೆ ಡಿಕ್ಕಿ ಹೊಡೆಯುತ್ತದೆ. ಬಾಳೆಹಣ್ಣುಗಳಿಗೂ ಅಣುಗಳಿಗೂ ಇರುವ ವ್ಯತ್ಯಾಸ ಇಲ್ಲಿದೆ. ಹಣ್ಣುಗಳ ನಡುವೆ ದಾರ ಯಾವಾಗಲೂ ಇತ್ತು. ಅಣುಗಳ ನಡುವೆ ದಾರ ಇಲ್ಲ. ಡಿಕ್ಕಿಯ ಆ ಒಂದು ಕ್ಷಣ ಮಾತ್ರ ಅವು ಒಂದನ್ನೊಂದು ಮುಟ್ಟುವುದು. ಕೊಡುವುದಿದ್ದರೆ ಅಷ್ಟರಲ್ಲೇ ಕೊಡಬೇಕು.

ಈಗ ಪೇಟೆಯ ಲೆಕ್ಕ. ವಿಜ್ಞಾನಿಗಳು ಕಂಪನದ ಶಕ್ತಿಯನ್ನು ಅಳೆಯಲು ಬಳಸುವ ಒಂದು ಅಳತೆ ಇದೆ. ಅದನ್ನು ನಾವು ರೂಪಾಯಿ ಅಂತಲೇ ಕರೆಯೋಣ. ನೈಟ್ರೋಜನ್ ಒಂದು ಮೆಟ್ಟಿಲು ಕಂಪಿಸಲು 2,330 ರೂಪಾಯಿ ಬೇಕು. ಕಾರ್ಬನ್ ಡೈಆಕ್ಸೈಡ್‌ನ ಆ ಚುರುಕು ತಾಕಲಾಟಕ್ಕೆ 2,349. ಅಣುಗಳ ಶಕ್ತಿಯಲ್ಲಿ ಒಂದು ವಿಚಿತ್ರ ನಿಯಮ: ಅರ್ಧ ಮೆಟ್ಟಿಲು, ಕಾಲು ಮೆಟ್ಟಿಲು ನಡೆಯುವುದಿಲ್ಲ. ಕೊಟ್ಟರೆ ಇಡೀ ನೋಟು ಕೊಡಬೇಕು.

ಕಂಪಿಸುವ ನೈಟ್ರೋಜನ್ ಬಂದು, ಸುಮ್ಮನಿರುವ ಕಾರ್ಬನ್ ಡೈಆಕ್ಸೈಡ್‌ಗೆ ಡಿಕ್ಕಿ ಹೊಡೆಯಿತು ಅನ್ನಿ. 2,330ರ ನೋಟು ಕೊಟ್ಟಿತು. ಬೇಕಾದದ್ದು 2,349. ಕೊರತೆ 19. ಈ ಚಿಲ್ಲರೆ ಎಲ್ಲಿಂದ? ಅಣುಗಳ ಓಟದಿಂದ. ಓಡುವ ಅಣುಗಳ ಜೇಬಿನಲ್ಲಿ ಸಾಧಾರಣವಾಗಿ ಇನ್ನೂರರ ಆಸುಪಾಸು ಚಿಲ್ಲರೆ ಓಟದ ಶಕ್ತಿಯಾಗಿ ಇದ್ದೇ ಇರುತ್ತದೆ. ಅದರಲ್ಲಿ 19 ತೆಗೆದು ಕೊಡುವುದು ಏನು ಮಹಾ? ಇಬ್ಬರೂ ತುಸು ನಿಧಾನವಾಗುತ್ತಾರೆ, ವ್ಯಾಪಾರ ಕುದುರುತ್ತದೆ.

ಅದೇ ಕಂಪಿಸುವ ನೈಟ್ರೋಜನ್ ತನ್ನ ಪೂರ್ತಿ 2,330 ಅನ್ನೂ ಒಂದೇ ಡಿಕ್ಕಿಯಲ್ಲಿ ಬರೀ ಓಟದ ಶಕ್ತಿಯಾಗಿ ಮುರಿಸಬೇಕು ಅಂದರೆ? ಚಹಾ ಅಂಗಡಿಗೆ ಹೋಗಿ, ಹಿಂದೆ ಚಲಾವಣೆಯಲ್ಲಿದ್ದ ಎರಡು ಸಾವಿರದ ನೋಟಿಗೆ ಚಿಲ್ಲರೆ ಕೇಳಿದ ಹಾಗೆ. ಕೋಟಿಗಟ್ಟಲೆ ಡಿಕ್ಕಿಯಾದರೂ ಆಗುವುದಿಲ್ಲ. ತಾಳ ಕೂಡುವುದು ಎಷ್ಟು ದೊಡ್ಡ ಸಂಗತಿ ಅನ್ನುವುದು ಇಲ್ಲಿ ಕಾಣುತ್ತದೆ. ಕಾರ್ಬನ್ ಡೈಆಕ್ಸೈಡ್‌ಗಾದರೆ ಕೆಲವು ನೂರು ಡಿಕ್ಕಿಯಲ್ಲಿ ಕೆಲಸ ಮುಗಿಯುತ್ತದೆ.

ಹುಡುಗಿ ಇಲ್ಲಿ ನನ್ನನ್ನು ತಡೆದಳು. ಬೇರೆ ಯಾರೂ ಕೇಳದಿದ್ದರೆ ನಾನೇ ಯಾರಿಂದಲಾದರೂ ಕೇಳಿಸಬೇಕು ಅಂದುಕೊಂಡಿದ್ದ ಪ್ರಶ್ನೆಯನ್ನೇ ಕೇಳಿದಳು.

"ಕೆಲವು ನೂರು ಅಂತ ಹ್ಯಾಂಗ ಎಣಿಸ್ಯಾರ? ಯಾರ ನೋಡ್ಯಾರ?"

ಲೇಸರ್ ಬರುವ ಮೊದಲು ಅಡ್ಡದಾರಿಯಲ್ಲಿ ಎಣಿಸುತ್ತಿದ್ದರು. 1925ರಲ್ಲಿ ಅಮೆರಿಕದ ಪಿಯರ್ಸ್ ಎಂಬವರು ಕಾರ್ಬನ್ ಡೈಆಕ್ಸೈಡ್ ಅನಿಲದೊಳಗೆ ಕಿವಿಗೆ ಕೇಳದಷ್ಟು ಕೀಚಲು ಶಬ್ದ ಬಿಟ್ಟು ನೋಡಿದಾಗ, ಸಾಮಾನ್ಯ ಶಬ್ದಕ್ಕಿಂತ ಅದು ವೇಗವಾಗಿ ಹೋಯಿತು. ಶಬ್ದ ಅಂದರೆ ಒತ್ತುವುದು, ಬಿಡುವುದು. ಒತ್ತಿದಾಗ ಬರುವ ಶಕ್ತಿಯಲ್ಲಿ ಅಣುಗಳ ಕಂಪನಕ್ಕೂ ಪಾಲು ಸಲ್ಲಬೇಕು; ಆದರೆ ಒತ್ತಿ ಬಿಡುವುದು ತೀರ ಬೇಗ ಬೇಗ ಆದರೆ ಪಾಲು ಸೇರುವಷ್ಟರಲ್ಲಿ ಅಲೆಯೇ ದಾಟಿ ಹೋಗಿರುತ್ತದೆ. ಪಂಕ್ತಿಯಲ್ಲಿ ಬಡಿಸುವವನು ಓಡಿದರೆ ಕೊನೆಯ ಎಲೆಗೆ ಅನ್ನ ಬೀಳದ ಹಾಗೆ. ಹೀಗೆ, ಶಕ್ತಿ ಕೈ ದಾಟಲು ಎಷ್ಟು ಹೊತ್ತು ಬೇಕು ಎಂಬ ಅಂದಾಜು ಶಬ್ದದಿಂದ ಸಿಗುತ್ತಿತ್ತು. ಆದರೆ ಯಾವ ಕುಣಿತದಿಂದ ಯಾವ ಕುಣಿತಕ್ಕೆ ಅನ್ನುವುದು ಗೊತ್ತಾಗುತ್ತಿರಲಿಲ್ಲ.

1960ರಲ್ಲಿ ಥಿಯೊಡೋರ್ ಮೈಮನ್ ಮೊದಲ ಲೇಸರ್ ಹೊತ್ತಿಸಿದರು. ಬಲ್ಬಿನ ಬೆಳಕು ನಮ್ಮ ಶರಣಬಸವೇಶ್ವರ ಜಾತ್ರೆಯ ಗದ್ದಲವಿದ್ದ ಹಾಗೆ, ಅದರಲ್ಲಿ ನೂರಾರು ಸ್ವರ ಕಲೆತಿರುತ್ತವೆ. ಲೇಸರ್ ಒಬ್ಬನೇ ಹಿಡಿದ ಒಂದೇ ಸ್ವರ. ಬೇಕಾದ ಕುಣಿತದ ತಾಳಕ್ಕೆ ಸರಿಹೊಂದುವ ಲೇಸರ್ ಆಯ್ದುಕೊಂಡರೆ, ಆ ಕುಣಿತವನ್ನು ಮಾತ್ರ ಎಬ್ಬಿಸಬಹುದು, ಉಳಿದವು ಮಲಗಿಯೇ ಇರುತ್ತವೆ. ಅದೂ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಪಾಲು ಕಿರಿದಾದ ಒಂದು ಮಿಂಚಿನಲ್ಲಿ. ಒಂದು ಹಣ್ಣನ್ನು ಎಳೆದು ಬಿಟ್ಟು ಎಣಿಸಿದೆವಲ್ಲ, ಅಣುಗಳಲ್ಲಿ ಅದನ್ನು ಮಾಡುವ ಬೆರಳು ನಮಗೆ ಸಿಕ್ಕಂತಾಯಿತು.

1966ರಲ್ಲಿ ಹಾಕರ್, ಕೊವಾಕ್ಸ್, ರೋಡ್ಸ್, ಫ್ಲಿನ್, ಜವಾನ್ ಎಂಬ ಐವರು ಅಮೆರಿಕದಲ್ಲಿ ಮಾಡಿದ್ದು ಇದನ್ನೇ. ಒಂದು ಕೊಳವೆಯಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿ, ಅದರೊಳಗೆ ಲೇಸರ್ ಮಿಂಚು ಬಿಟ್ಟರು. ಒಂದಿಷ್ಟು ಅಣುಗಳು ಆ ಚುರುಕು ತಾಕಲಾಟಕ್ಕೆ ಏರಿದವು. ಏರಿದವು ಅವಕೆಂಪು ಬೆಳಕು ಬಿಡುತ್ತವೆ. ಈ ಮಂಕು ಬೆಳಕನ್ನು ಕೊಳವೆಯ ಪಕ್ಕದಲ್ಲಿ ಕೂತ ಒಂದು ಯಂತ್ರದ ಕಣ್ಣು ನೋಡುತ್ತ, ಆಸಿಲೋಸ್ಕೋಪ್ ಪರದೆಯ ಮೇಲೆ ಗೆರೆ ಎಳೆಯುತ್ತದೆ. ಗೆರೆ ಜಿಗಿದು ಮೇಲೇರುತ್ತದೆ, ಆಮೇಲೆ ಜಾರುಬಂಡೆಯ ಹಾಗೆ ಇಳಿಯುತ್ತದೆ. ಇಳಿಯುವುದು ಯಾಕೆಂದರೆ ಕುಣಿಯುತ್ತಿದ್ದ ಅಣುಗಳು ಡಿಕ್ಕಿ ಹೊಡೆದು ಶಕ್ತಿ ಕಳಕೊಳ್ಳುತ್ತಿವೆ. ಜಾರುಬಂಡೆ ಎಷ್ಟು ಕಡಿದಾಗಿದೆಯೋ ಅಷ್ಟು ಬೇಗ ಕಳಕೊಳ್ಳುತ್ತಿವೆ ಎಂದು ಅರ್ಥ. ಅನಿಲ ಹೆಚ್ಚು ತುಂಬಿದರೆ ಡಿಕ್ಕಿ ಹೆಚ್ಚು, ಇಳಿತ ಕಡಿದು.

ಅಡುಗೆಮನೆಯಲ್ಲಿ ಹೀಗೆ ಮಾಡಿ: ಒಂದು ಸ್ಟೀಲ್ ತಾಟನ್ನು ಅಂಚಿಗೆ ದಾರ ಕಟ್ಟಿ ಎತ್ತಿ ಹಿಡಿದು, ಚಮಚೆಯಿಂದ ಒಮ್ಮೆ ಬಡಿಯಿರಿ. ಠಣ್ ಎಂದು ಶುರುವಾದ ದನಿ ಎಷ್ಟು ಹೊತ್ತಿಗೆ ಅಡಗುತ್ತದೆ ಎಣಿಸಿ. ಮತ್ತೆ ಬಡಿದು, ಒಂದು ಬೆರಳನ್ನು ಮೆಲ್ಲಗೆ ತಾಟಿಗೆ ತಾಕಿಸಿ. ದನಿ ಬೇಗ ಸತ್ತಿತು. ನಿಮ್ಮ ಬೆರಳು ಶಕ್ತಿ ತೆಗೆದುಕೊಂಡಿತು. ಚಮಚೆ ಲೇಸರ್, ನಿಮ್ಮ ಕಿವಿ ಆ ಯಂತ್ರದ ಕಣ್ಣು, ಬೆರಳು ಡಿಕ್ಕಿ ಹೊಡೆಯುವ ಅಣು. ಅಕ್ಕನ ಹೊಸ ತಾಟು ತೆಗೆದುಕೊಳ್ಳಬೇಡಿ. ನಾವು ತೆಗೆದುಕೊಂಡು ಬೈಸಿಕೊಂಡೆವು.

ಮುಂದಿನ ವರ್ಷ, 1967ರಲ್ಲಿ, ಬ್ರಾಡ್ಲಿ ಮೂರ್ ಮತ್ತು ಗೆಳೆಯರು ಇದೇ ಆಟಕ್ಕೆ ನೈಟ್ರೋಜನ್ ಬೆರೆಸಿದರು. ಈ ಬೆರಕೆಯಲ್ಲಿ ಜಾರುಬಂಡೆಗೆ ಎರಡು ಇಳಿಜಾರು ಬರುತ್ತವೆ. ಮೊದಲು ಕಡಿದಾಗಿ, ಆಮೇಲೆ ನಿಧಾನವಾಗಿ. ಮೊದಲ ಇಳಿಜಾರಿನಲ್ಲಿ ಕಾರ್ಬನ್ ಡೈಆಕ್ಸೈಡ್ ತನ್ನ ಶಕ್ತಿಯನ್ನು ನೈಟ್ರೋಜನ್ ಜೊತೆ ಹಂಚಿಕೊಳ್ಳುತ್ತದೆ. ಹಂಚಿಕೆ ಮುಗಿದ ಮೇಲೆ ಇಬ್ಬರೂ ಕೂಡಿ ಮೆಲ್ಲಗೆ ತಣ್ಣಗಾಗುವುದು ಎರಡನೆಯ ಇಳಿಜಾರು. ಗೆರೆಯ ಇಳಿತವನ್ನು ಡಿಕ್ಕಿಗಳ ಲೆಕ್ಕಕ್ಕೆ ಹಚ್ಚಿದರೆ, ಹುಡುಗಿ ಕೇಳಿದ ಆ ಕೆಲವು ನೂರು ಬರುತ್ತದೆ. ಅಣುವನ್ನು ಯಾರೂ ನೋಡಿಲ್ಲ, ನೋಡಿದ್ದು ಒಂದು ಗೆರೆ. ಆದರೆ ಆ ಗೆರೆಯನ್ನು ಓದಲು ಬಂದರೆ ಸಾಕು.

ನಮ್ಮ ಸೀಮೆಗೆ ಹತ್ತಿರದವರೊಬ್ಬರ ಹೆಸರನ್ನು ಇಲ್ಲಿ ಹೇಳಲೇಬೇಕು. ಆ ಕೊಳವೆಯೊಳಗೆ ಬಿಟ್ಟ ಲೇಸರ್ ಮಿಂಚು ಬಂದದ್ದೂ ಕಾರ್ಬನ್ ಡೈಆಕ್ಸೈಡ್‌ನಿಂದ ಮಾಡಿದ ಲೇಸರಿನಿಂದಲೇ. ಅದನ್ನು 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಮಾಡಿದವರು ಕುಮಾರ್ ಪಟೇಲ್. ಹುಟ್ಟಿದ್ದು 1938ರಲ್ಲಿ, ಮಹಾರಾಷ್ಟ್ರದ ಬಾರಾಮತಿಯಲ್ಲಿ. ಬಾರಾಮತಿಯ ಕರ್ಹಾ ನದಿ ನೀರಾ ನದಿಗೆ ಕೂಡುತ್ತದೆ, ನೀರಾ ಭೀಮೆಗೆ ಕೂಡುತ್ತದೆ, ಭೀಮೆ ನಮ್ಮ ಗಾಣಗಾಪುರದ ಮುಂದೆ ಹರಿದು ಹೋಗುತ್ತದೆ. ಹುಡುಗ ಇದನ್ನು ಕೇಳಿ, "ಅಂದ್ರ ಅವರ ಊರಿನ ನೀರು ನಮ್ಮಲ್ಲಿ ಬರ್ತದ" ಅಂದ. ಬರುತ್ತದೆ.

ಪಟೇಲರ ಲೇಸರಿಗೆ ನೈಟ್ರೋಜನ್ ಬೆರೆಸಿದಾಗ ಅದರ ಬಲ ಬಹಳ ಹೆಚ್ಚಾಯಿತು. ಯಾಕೆಂದು ಈಗ ನೀವೇ ಹೇಳಬಲ್ಲಿರಿ. ಕೊಳವೆಯಲ್ಲಿ ವಿದ್ಯುತ್ತು ಹರಿಸಿದಾಗ ಹಾರುವ ಎಲೆಕ್ಟ್ರಾನುಗಳು ನೈಟ್ರೋಜನ್‌ಗೆ ಬಡಿದು ಅದನ್ನು ಕಂಪಿಸುವಂತೆ ಮಾಡುತ್ತವೆ. ಹಿಡಿಕೆಯಿಲ್ಲದ ಚೊಂಬು ಆ ಶಕ್ತಿಯನ್ನು ಚೆಲ್ಲದೆ ಹೊತ್ತುಕೊಂಡು ಹೋಗಿ, ತಾಳ ಕೂಡುವ ಕಾರ್ಬನ್ ಡೈಆಕ್ಸೈಡ್‌ಗೆ ಸುರಿಯುತ್ತದೆ, 19 ಚಿಲ್ಲರೆ ಜೇಬಿನಿಂದ ಹಾಕಿ. ಅಲ್ಲಿಂದ ಕಾರ್ಬನ್ ಡೈಆಕ್ಸೈಡ್ ಕೆಳಗಿನ ಕುಣಿತಕ್ಕೆ ಇಳಿಯುವಾಗ ಲೇಸರ್ ಬೆಳಕು ಹೊರಬರುತ್ತದೆ. ಹೀಲಿಯಂ ಕೂಡ ಬೆರೆಸಿರುತ್ತಾರೆ. ಅದು ಇಳಿದು ಬಂದವರನ್ನು ಬೇಗ ತಣ್ಣಗೆ ಮಾಡಿ ಜಾಗ ಖಾಲಿ ಮಾಡಿಸುವ ಕೆಲಸದವನು.

ಅಣುಗಳ ಕಂಪನ ನೋಡಲು ಇನ್ನೊಂದು ದಾರಿಯನ್ನು ತೋರಿಸಿದವರು ಸಿ.ವಿ. ರಾಮನ್. 1928ರ ಫೆಬ್ರುವರಿ 28ರಂದು, ಕಲ್ಕತ್ತದಲ್ಲಿ. ಈಗ ಆ ದಿನ ನಿಮ್ಮ ಶಾಲೆಯಲ್ಲಿ ವಿಜ್ಞಾನ ದಿನ. ಅಣುಗಳ ಮೇಲೆ ಬೆಳಕು ಬಿದ್ದು ಚದುರುವಾಗ, ಕೋಟಿಗೊಂದರಂತೆ ಯಾವುದೋ ಒಂದು ಬೆಳಕಿನ ಕಣ, ಅಣುವಿಗೆ ಒಂದು ಮೆಟ್ಟಿಲು ಕಂಪನ ಕೊಟ್ಟು, ತಾನು ಅಷ್ಟು ಬಡವಾಗಿ, ಬಣ್ಣ ಬದಲಿಸಿಕೊಂಡು ಹೊರಬರುತ್ತದೆ. ಎಷ್ಟು ಬಡವಾಯಿತು ಎಂದು ನೋಡಿದರೆ ಅಣುವಿನ ತಾಳ ತಿಳಿಯುತ್ತದೆ. ಹಿಡಿಕೆಯಿಲ್ಲದ ನೈಟ್ರೋಜನ್‌ಗೂ ಈ ಉಪಾಯ ನಡೆಯುತ್ತದೆ. ರಾಮನ್ ಮೊದಲು ಬಳಸಿದ್ದು ಬಿಸಿಲನ್ನು. ಅದೇನು ನಮ್ಮಲ್ಲಿ ಕಡಿಮೆಯೇ ಎಂದು ನಾನು ನಗುತ್ತಿರುತ್ತೇನೆ. 1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದರು, ಕೊನೆಯ ತನಕ ಆ ಊರಲ್ಲೇ ಉಳಿದರು.

ಅದೇ ಸಂಸ್ಥೆಯಲ್ಲಿ ಮುಂದೆ ಶಿವ ಉಮಾಪತಿ ಮತ್ತು ಅವರ ತಂಡದವರು ರಾಮನ್ ಅವರ ದಾರಿಯನ್ನೂ ಅತಿ ಕಿರಿದಾದ ಲೇಸರ್ ಮಿಂಚುಗಳನ್ನೂ ಜೋಡಿಸಿದರು. ಒಂದು ಮಿಂಚು ಅಣುವನ್ನು ಬಡಿದೆಬ್ಬಿಸುತ್ತದೆ. ಅದರ ಬೆನ್ನಿಗೇ ಬರುವ ಮಿಂಚುಗಳು, ಈಗ ಯಾವ ಕುಣಿತ ನಡೆದಿದೆ ಎಂದು ನೋಡುತ್ತವೆ. ಎರಡರ ನಡುವಿನ ಅಂತರವನ್ನು ಒಂದಿಷ್ಟೊಂದಿಷ್ಟೇ ಹೆಚ್ಚಿಸುತ್ತ ಹೋದರೆ ಶಕ್ತಿ ಅಣುವಿನೊಳಗೆ ಎಲ್ಲಿಂದ ಎಲ್ಲಿಗೆ ಹರಿಯಿತು ಎಂಬುದು ಸಿನಿಮಾದ ಹಾಗೆ ಕಾಣುತ್ತದೆ. ಈ ಮಿಂಚುಗಳನ್ನು ಅಳೆಯುವುದು ಫೆಮ್ಟೊಸೆಕೆಂಡಿನಲ್ಲಿ. ಒಂದು ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿ, ಅದರಲ್ಲಿ ಒಂದನ್ನು ತೆಗೆದು ಇನ್ನೂ ನೂರು ಕೋಟಿ ಪಾಲು ಮಾಡಿದರೆ ಬರುವ ಚೂರು ಅದು. ನಮ್ಮ ನೈಟ್ರೋಜನ್ ಒಂದು ಸಲ ಹಿಗ್ಗಿ ಕುಗ್ಗಲು ಅಂಥ 14 ಚೂರು ಬೇಕು.

ಕೋಟೆ ಗೋಡೆಯನ್ನು ನಾನು ಮರೆತಿಲ್ಲ. ಗೋಡೆಯ ಬಿಸಿ ಹಿಡಿದ ಕಾರ್ಬನ್ ಡೈಆಕ್ಸೈಡ್ ಬಿಲ್ಲಿನ ಹಾಗೆ ಬಾಗುತ್ತ ಕುಣಿಯುತ್ತದೆ. ಅದನ್ನೇ ಮತ್ತೆ ಬೆಳಕಾಗಿ ಬಿಡಲು ಅದಕ್ಕೆ ಅರ್ಧ ಸೆಕೆಂಡಿನಷ್ಟಾದರೂ ಹೊತ್ತು ಬೇಕು. ಅಷ್ಟರೊಳಗೆ ನೂರಾರು ಕೋಟಿ ಡಿಕ್ಕಿ! ಈ ಕುಣಿತದ ನೋಟು ಸಣ್ಣದು, 667 ರೂಪಾಯಿ ಮಾತ್ರ, ಆದ್ದರಿಂದ ಮುರಿಸುವುದು ಅಷ್ಟು ಕಷ್ಟವಲ್ಲ. ಡಿಕ್ಕಿಯಲ್ಲೇ ಅದು ಸುತ್ತಲಿನ ನೈಟ್ರೋಜನ್, ಆಕ್ಸಿಜನ್‌ಗಳ ಓಟವಾಗಿ ಬದಲಾಗುತ್ತದೆ. ಓಟ ಹೆಚ್ಚಾಯಿತು ಅಂದರೆ ಗಾಳಿ ಬಿಸಿಯಾಯಿತು ಅಂತಲೇ. ಕೈಯಿಲ್ಲ ಕಾಲಿಲ್ಲ, ಕೊಡುವುದು ಹೀಗೆ.

ಮರುದಿನ ಹುಡುಗ ಹಟ ಹಿಡಿದ, ಲೇಸರ್ ನೋಡಬೇಕು ಅಂತ. ಜಾತ್ರೆಯಲ್ಲಿ ಸಿಗುವ ಕೆಂಪು ಲೇಸರ್ ಕೊಡಿಸಲು ನನಗೆ ಮನಸ್ಸಿಲ್ಲ, ಅವನು ಅದನ್ನು ಯಾರದಾದರೂ ಕಣ್ಣಿಗೆ ಬಿಡುವುದು ಖಂಡಿತ. ಲೇಸರ್ ಬೆಳಕು ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು, ನೀವೂ ಆಡಬೇಡಿ. ಇಬ್ಬರನ್ನೂ ಪೇಟೆಯಲ್ಲಿ ಹೆಸರಿನ ಫಲಕ, ಮದುವೆ ಪತ್ರಿಕೆ ಕತ್ತರಿಸುವ ಒಂದು ಅಂಗಡಿಗೆ ಕರೆದುಕೊಂಡು ಹೋದೆ. ಮೇಜಿನಷ್ಟು ದೊಡ್ಡ ಪೆಟ್ಟಿಗೆ, ಮೇಲೆ ಬಣ್ಣದ ಮುಚ್ಚಳ. ಹಿಂಭಾಗದ ಬಾಗಿಲು ತೆರೆದು ಅಂಗಡಿಯವರು ಒಂದು ಉದ್ದನೆಯ ಗಾಜಿನ ಕೊಳವೆ ತೋರಿಸಿದರು.

"ಇದರಾಗ ಏನದರಿ?" ಹುಡುಗಿ ಕೇಳಿದಳು.

"ಗ್ಯಾಸ್ ಅದ ತಂಗಿ. ಸಿಓಟು."

"ನೈಟ್ರೋಜನ್ನೂ ಇರಬೇಕಲ್ರಿ?"

ಅವರು ನನ್ನ ಮುಖ ನೋಡಿದರು. ನಾನು ಕೊಳವೆಯ ಮುಖ ನೋಡಿದೆ. ಕೊಳವೆಗೆ ಅಂಟಿಸಿದ್ದ ಚೀಟಿಯಲ್ಲಿ ಬರೆದಿರಲಿಲ್ಲ, ಆದರೂ ಇರುತ್ತದೆ ಅಂದೆ.

ಹುಡುಗ ತನಗೊಂದು ತೋಪು ಬೇಕೆಂದ. ಹಾಳೆಯಲ್ಲಿ ಅವನೇ ಬರೆದು ಕೊಟ್ಟದ್ದನ್ನು ಅಂಗಡಿಯವರು ಕಂಪ್ಯೂಟರಿಗೆ ಹಾಕಿ, ತೆಳು ಪ್ಲೈವುಡ್ ಹಲಗೆ ಇಟ್ಟು ಮುಚ್ಚಳ ಹಾಕಿದರು. ಬೆಳಕು ಏನೂ ಕಾಣಲಿಲ್ಲ, ಅದು ಕಾಣುವ ಬೆಳಕಲ್ಲ. ಹಲಗೆಯ ಮೇಲೆ ಒಂದು ಕಿಡಿ ಮಾತ್ರ ತೋಪಿನ ಉದ್ದಕ್ಕೂ ನಡೆಯಿತು, ಹಿಂದೆ ಒಂದು ಕಪ್ಪು ಗೆರೆ ಬಿಟ್ಟು. ಸುಟ್ಟ ಕಟ್ಟಿಗೆಯ ವಾಸನೆ. ನಾಲ್ಕೇ ನಿಮಿಷ. ನೂರಿಪ್ಪತ್ತು ಆಗುತ್ತದೆ ಅಂದರು, ನಾನು ಇನ್ನೂರು ಕೊಟ್ಟೆ, "ಚಿಲ್ಲರ ಇಲ್ಲಲ್ರಿ" ಅಂದರು. ಮಕ್ಕಳಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕದ್ದು ಯಾಕೆಂದು ಪಾಪ ಅವರಿಗೆ ಗೊತ್ತಾಗಲಿಲ್ಲ.

ಅವರು ಪಕ್ಕದ ಅಂಗಡಿಯಿಂದ ಎಂಬತ್ತು ತರುವ ತನಕ ನಾವು ಕಟ್ಟೆಯ ಮೇಲೆ ಕೂತೆವು. ಹುಡುಗ ತೋಪನ್ನು ಗೇಣು ಹಾಕಿ ಅಳೆಯುತ್ತಿದ್ದ. ಹುಡುಗಿ ಅವನ ಕೈಯಿಂದ ಅದನ್ನು ತೆಗೆದುಕೊಂಡು, ಕತ್ತರಿಸಿದ ಕಂದು ಅಂಚಿನಿಂದ ನಾಲ್ಕು ಬಟ್ಟು ದೂರದಲ್ಲಿ ಅಂಗೈ ಹಿಡಿದು ನೋಡಿದಳು. ಆರಿಹೋಗಿತ್ತು.